ಮಾರುವ ಮೊದಲು ಮನೆಗೆ ಎರಡು ಮಳೆಗಾಲ ತೋರಿಸಿದೆ

ಕುಂದಾಪುರದಲ್ಲಿ ಹೊಳೆ ಹತ್ತಿರ ನಮ್ಮದೊಂದು ಅಜ್ಜನ ಕಾಲದ ಮನೆ ಇತ್ತು. ಮುರಕಲ್ಲಿನ (ಜಂಬಿಟ್ಟಿಗೆ) ಗೋಡೆ, ಹಂಚಿನ ಮಾಡು, ಕೆಂಪು ಕಾವಿ ನೆಲ. ಅಮ್ಮ ನಮ್ಮ ಜೊತೆ ಬೆಂಗಳೂರಿಗೆ ಬಂದ ಮೇಲೆ ಮಾರುವುದು ಅಂತ ಆಯಿತು. ಇದ್ದ ಹಾಗೇ ಮಾರಿದ್ದರೆ ಜಾಗಕ್ಕಷ್ಟೇ ಬೆಲೆ ಕಟ್ಟಿ ಮನೆ ಕೆಡವುತ್ತಿದ್ದರು. ಅದಕ್ಕೆ ಮನಸ್ಸು ಬರಲಿಲ್ಲ. ಬೀಗ ಹಾಕಿಟ್ಟರೂ ಕೆಡದ ಹಾಗೆ ಮಾಡಿಯೇ ಮಾರೋಣ ಅಂದುಕೊಂಡೆ.

ಮನೆಯ ಹಿಂಬದಿಗೆ ಎರಡು ಕೋಣೆ ಜಾಸ್ತಿ ಕಟ್ಟುವ ಆಸೆ ಇತ್ತು, ಬಿಟ್ಟೆ. ಹೊಳೆಗೆ ಸಮುದ್ರದ ಉಬ್ಬರದ ನೀರು ಬರುತ್ತದೆ. ಅಂಥ ಕಡೆ, ಕಡಲ ಬದಿಯಲ್ಲಿ ಕಟ್ಟಡ ಕಟ್ಟುವುದಕ್ಕೆ ಮಿತಿ ಹಾಕುವ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಹೊಳೆಯ ದಡಕ್ಕೂ ಅನ್ವಯಿಸುತ್ತದೆ. ಸುಮ್ನೆ ಕಟ್ಟಿ, ಆಮೇಲೆ ಕೊಳ್ಳುವವರ ವಕೀಲರ ಮುಂದೆ ತಲೆ ತಗ್ಗಿಸುವುದು ಯಾಕೆ?

ಮೊದಲ ವರ್ಷ ಪೂರ್ತಿ ಎಡವಿದೆ. ಮಳೆ ಗಾಳಿ ಬಡಿಯುವುದು ಪಡುವಣ ಗೋಡೆಗೆ. ಮೊದಲೆಲ್ಲ ಮಳೆಗಾಲಕ್ಕೆ ಮುಂಚೆ ಅಲ್ಲಿ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ನಾನು ಬುದ್ಧಿವಂತ ಅಲ್ವಾ, ಹಳೆ ಸುಣ್ಣದ ಗಾರೆ ಕೆತ್ತಿಸಿ ಸಿಮೆಂಟ್ ಗಾರೆ ಹಾಕಿಸಿದೆ. ಮೇಲೆ ದುಬಾರಿ ವಾಟರ್‌ಪ್ರೂಫ್ ಪೇಂಟ್. ಆಗಸ್ಟ್ ಹೊತ್ತಿಗೆ ಒಳಗಡೆ ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಹಳೆ ಮೇಸ್ತ್ರಿ ಬಂದು ನೋಡಿ, "ಒಳ್ಗಿದ್ ನೀರ್ ಹೊರ್ಗ್ ಹೋಪುದ್ ಹ್ಯಾಂಗ್ ಮರ್ರೆ?" ಅಂದರು. ಮುರಕಲ್ಲು ನೀರು ಕುಡಿಯುವ ಕಲ್ಲು. ಕುಡಿದದ್ದು ಬಿಸಿಲು ಬಂದಾಗ ಆರಿ ಹೋಗಬೇಕು. ಸಿಮೆಂಟು, ಪೇಂಟು ಅದಕ್ಕೆ ದಾರಿ ಬಿಡಲಿಲ್ಲ. ಕಾಸು ಕೊಟ್ಟು ಹಾಕಿಸಿದ್ದನ್ನು ಕಾಸು ಕೊಟ್ಟೇ ಕೀಳಿಸಿದೆ. ದೀಪಾವಳಿ ಕಳೆದ ಮೇಲೆ ಚಿಪ್ಪಿನ ಸುಣ್ಣದ ಗಾರೆ ಮಾಡಿಸಿದೆ. ಅದು ನಿಧಾನಕ್ಕೆ ಗಟ್ಟಿಯಾಗುವಂಥದ್ದು, ಅವಸರ ಮಾಡುವ ಹಾಗಿಲ್ಲ. ಆ ಬದಿಯ ಮಾಡನ್ನೂ ಮೂರಡಿ ಮುಂದಕ್ಕೆ ಇಳಿಸಿದೆವು. ಈಗ ತಟ್ಟಿ ಬೇಡ.

ಆಮೇಲೆ ಕಬ್ಬಿಣ. ಉಪ್ಪುಗಾಳಿಯ ಊರಿನಲ್ಲಿ ಕಬ್ಬಿಣ ಕಮ್ಮಿ ಇದ್ದಷ್ಟೂ ಒಳ್ಳೆಯದು. ಅಪ್ಪ ಕಟ್ಟಿಸಿದ್ದ ಬಚ್ಚಲುಮನೆಯ ಸಜ್ಜಾ ಬಿರುಕು ಬಿಟ್ಟು, ಸರಳು ಕಾಣುತ್ತಿತ್ತು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ತೇಪೆ ಹಾಕಲಿಲ್ಲ, ಕಿತ್ತೇ ಹಾಕಿಸಿದೆ. ಕಿಟಕಿಗಳು ಅಲ್ಯೂಮಿನಿಯಂ. ಆದರೆ ಹಾಕಿದವರು ಸಾದಾ ಸ್ಕ್ರೂ ಹೊಡೆದಿದ್ದರು, ಒಂದೇ ಮಳೆಗಾಲಕ್ಕೆ ಕೆಂಪು ನೀರು ಇಳಿಯಿತು. ಎಲ್ಲ ಬಿಚ್ಚಿಸಿ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿದೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು 304. ಕಡಲ ಬದಿಗೆ 316 ಬೇಕು, ಅದರಲ್ಲಿ ಉಪ್ಪಿಗೆ ಜಗ್ಗದ ಮಾಲಿಬ್ಡಿನಂ ಲೋಹ ಇರುತ್ತದೆ.

ಮಾಡಿನ ಮರಕ್ಕೆ, ಅಂದರೆ ಪಕಾಸು, ರೀಪಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಸಿದೆ. ಗೆದ್ದಲು ಅದರ ಹತ್ತಿರ ಸುಳಿಯುವುದಿಲ್ಲ. ಕೈಗೆ ತಾಗಿದರೆ ಮಾತ್ರ ಚರ್ಮ ಸುಡುತ್ತದೆ, ನನಗೆ ವಾರ ಬೇಕಾಯಿತು. ಕಾವಿ ನೆಲ ಮುಟ್ಟಲಿಲ್ಲ, ಅದನ್ನು ಕಿತ್ತು ಟೈಲ್ಸ್ ಹಾಕುವುದು ನನ್ನ ಮಟ್ಟಿಗೆ ದಡ್ಡತನ.

ಹಂಚು ಇಳಿಸುವಾಗ ಬಾಸೆಲ್ ಮಿಶನ್ ಎಂಬ ಪಾದ್ರಿಗಳ ಸಂಸ್ಥೆಯ ಮುದ್ರೆ ಇದ್ದ ನಾಲ್ಕು ಹಂಚು ಸಿಕ್ಕವು, 1865 ಅಂತ ಇತ್ತು. ನೋಡಲು ಬಂದ ಒಬ್ಬರು ಮನೆಗೆ ನೂರೈವತ್ತು ವರ್ಷ ಮೀರಿದೆ ಅಂತಲೇ ಖುಷಿಪಟ್ಟರು. ಅದು ಮಂಗಳೂರಿನ ಜೆಪ್ಪುವಿನಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾದ ಇಸವಿ, ಹಂಚಿನ ವಯಸ್ಸಲ್ಲ ಎಂದೆ. ಅವರು ಮತ್ತೆ ಫೋನ್ ಮಾಡಲಿಲ್ಲ.

ಪುರಸಭೆಯ ಇ-ಖಾತೆ, ಋಣಭಾರ ಪ್ರಮಾಣಪತ್ರ ಎಲ್ಲ ಮೊದಲೇ ಮಾಡಿಸಿಟ್ಟೆ. ಬೇಸಿಗೆಯಲ್ಲಿ ಕೇಳಿದವರಿಗೆಲ್ಲ "ಆಸಾಡಿಯಲ್ಲಿ ಬಂದು ನೋಡಿ" ಅಂತಲೇ ಹೇಳುತ್ತಿದ್ದೆ. ದಲ್ಲಾಳಿಗೆ ಸಿಟ್ಟು. ಆಷಾಢದಲ್ಲಿ ಮನೆ ನೋಡಲು ಯಾರು ಬರುತ್ತಾರೆ ಅಂತ. ಆದರೂ ಉಡುಪಿ ಕಡೆಯ ಗಂಡ ಹೆಂಡತಿ ಜಡಿಮಳೆಯಲ್ಲೇ ಬಂದರು. ಆಕೆ ಸೀದಾ ಪಡುವಣ ಕೋಣೆಗೆ ಹೋಗಿ ಗೋಡೆಗೆ ಅಂಗೈ ಒತ್ತಿ ನೋಡಿದರು. ಆಮೇಲೆ ಬಾವಿ ಕೇಳಿದರು. ಏಪ್ರಿಲ್, ಮೇಯಲ್ಲಿ ನೀರು ಉಪ್ಪಾಗುತ್ತದೆ, ಕುಡಿಯಲು ಆಗದು ಅಂತ ಇದ್ದದ್ದು ಹೇಳಿದೆ.

ಆಷಾಢ ಕಳೆಯಿತು, ಮುಂಗಡ ಕೊಟ್ಟರು. ಬಾವಿಯ ಹೆಸರು ಹೇಳಿ ಬೆಲೆಯಲ್ಲಿ ಸ್ವಲ್ಪ ಮುರಿದುಕೊಂಡೇ ಕೊಟ್ಟರು. ನಾನು ಜಾಸ್ತಿ ಎಳೆದಾಡಲಿಲ್ಲ.