ಅಲ್ಯೂಮಿನಿಯಂಗೆ ಅದರ ಮೈಯಿಂದಲೇ ಕವಚ

ಹುಬ್ಬಳ್ಳಿಯ ಗೋಕುಲ ರಸ್ತೆ ಕೈಗಾರಿಕಾ ವಸಾಹತಿನ ಒಂದು ಶೆಡ್ಡಿನಲ್ಲಿ ಅಂಗೈಯಗಲದ ಕೆಂಪು ಅಲ್ಯೂಮಿನಿಯಂ ಬಿಲ್ಲೆಯೊಂದು ನನ್ನ ಕೈಗೆ ಬಂತು. ನಡುವೆ ಹೆಬ್ಬೆರಳಿನ ಗುರುತು, ಗೆರೆಗಳನ್ನು ಎಣಿಸಬಹುದಿತ್ತು. ತೊಳೆದಾದ ಮೇಲೆ ಯಾರೋ ಬರಿಗೈಯಲ್ಲಿ ಮುಟ್ಟಿದ್ದರು. ಎಷ್ಟು ಉಜ್ಜಿದರೂ ಗುರುತು ಹೋಗಲಿಲ್ಲ, ಏಕೆಂದರೆ ಆನೋಡೈಸಿಂಗ್‌ನಲ್ಲಿ ಲೋಹದ ಮೈಯೇ ಕವಚವಾಗಿ ಬೆಳೆಯುತ್ತದೆ.

ಗಾಳಿ ತಾಗಿದ ಅಲ್ಯೂಮಿನಿಯಂ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ತಾನಾಗಿ ಕಟ್ಟುತ್ತದೆ. ವಿದ್ಯುತ್ ಹರಿಸಿ ಅದನ್ನು ಸಾವಿರಾರು ಪಟ್ಟು ದಪ್ಪಗೊಳಿಸುವುದೇ ಈ ಕೆಲಸ. ಪೊರೆ ಗಟ್ಟಿ, ಸಿಪ್ಪೆಯಂತೆ ಏಳುವುದಿಲ್ಲ. ಕಬ್ಬಿಣಕ್ಕೆ ಈ ವಿಧಾನ ಒಗ್ಗದು. ಅದರ ತುಕ್ಕು ಪದರ ಪದರವಾಗಿ ಉದುರುತ್ತದೆ.

ಮೊದಲು ಜಿಡ್ಡು ತೆಗೆಯಬೇಕು. ತೊಳೆದ ವಸ್ತುವಿನ ಮೇಲೆ ನೀರು ಹನಿಗಟ್ಟದೆ ಒಂದೇ ಹಾಳೆಯಾಗಿ ಹರಿದರೆ ಅದು ಶುದ್ಧವಾಯಿತೆಂದು ತಿಳಿಯಬಹುದು. ಬಳಿಕ ಬಿಸಿ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಒಂದೆರಡು ನಿಮಿಷ. ಅದರಿಂದ ಮೈಮೇಲೆ ಕಪ್ಪು ಮಸಿ ಕೂರುತ್ತದೆ. ನೈಟ್ರಿಕ್ ಆಮ್ಲದಲ್ಲಿ ಅದ್ದಿದರೆ ಬಿಡುತ್ತದೆ. ಪ್ರತಿ ಹಂತದ ನಡುವೆಯೂ ಚೆನ್ನಾಗಿ ಜಾಲಾಡಿಸಬೇಕು, ಕೈಗವಸು ತೆಗೆಯಬಾರದು.

ಮುಂದಿನದು ಶೇ 15ರಿಂದ 18ರಷ್ಟು ಸಲ್ಫ್ಯೂರಿಕ್ ಆಮ್ಲದ ತೊಟ್ಟಿ. ನೀರಿಗೆ ಆಮ್ಲವನ್ನು ನಿಧಾನವಾಗಿ ಸುರಿಯಬೇಕು, ಆಮ್ಲಕ್ಕೆ ನೀರನ್ನು ಎಂದಿಗೂ ಸುರಿಯಬಾರದು. ವಸ್ತುವನ್ನು ರೆಕ್ಟಿಫೈಯರ್‌ನ (ಎಸಿ ವಿದ್ಯುತ್ತನ್ನು ಡಿಸಿ ಮಾಡುವ ಸಾಧನ) ಧನ ತುದಿಗೆ, ಅಂದರೆ ಆನೋಡ್‌ಗೆ, ಸೀಸದ ಹಾಳೆಯನ್ನು ಋಣ ತುದಿಗೆ ಜೋಡಿಸುತ್ತಾರೆ. ತೂಗುಹಾಕಲು ಅಲ್ಯೂಮಿನಿಯಂ ಅಥವಾ ಟೈಟಾನಿಯಂ ತಂತಿಯೇ ಬೇಕು. ತಾಮ್ರ ಆಮ್ಲದಲ್ಲಿ ಕರಗುತ್ತದೆ. ತಂತಿ ಬಿಗಿಯಾಗಿರಲಿ. ಆಕ್ಸೈಡಿನಲ್ಲಿ ವಿದ್ಯುತ್ ಹರಿಯದು, ತಂತಿ ಸಡಿಲವಾದರೆ ಅಲ್ಲಿಗೆ ಕೆಲಸ ನಿಂತಿತು. ಒಂದು ಚದರ ಡೆಸಿಮೀಟರಿಗೆ 1.5 ಆಂಪಿಯರ್‌ನಂತೆ ಅರ್ಧ ಗಂಟೆ ಹರಿಸಿದರೆ ಸುಮಾರು 13 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಪೊರೆ ಸಿಗುತ್ತದೆ. ತೊಟ್ಟಿ 20 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಬಿಸಿಯೇರಿದರೆ ಆಮ್ಲವೇ ಪೊರೆಯನ್ನು ತಿನ್ನುತ್ತದೆ, ಮುಟ್ಟಿದರೆ ಪುಡಿ ಅಂಟುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ತಂಪುಯಂತ್ರವಿಲ್ಲದೆ ಈ ಕೆಲಸಕ್ಕೆ ಕೈಹಾಕಲೇಬಾರದು. ಗಾಳಿಯಾಡದ ಕೋಣೆಯೂ ಸಲ್ಲದು, ಹೈಡ್ರೋಜನ್ ಹೊಮ್ಮುತ್ತದೆ.

ಹೊಸ ಪೊರೆಯ ತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಬೆಟಗೇರಿಯ ನೇಕಾರರು ನೂಲನ್ನು ಬಣ್ಣದಲ್ಲಿ ಅದ್ದಿದಂತೆ ಇದನ್ನೂ ಬಿಸಿ ಬಣ್ಣದ ನೀರಿನಲ್ಲಿ ಹತ್ತು ನಿಮಿಷ ಅದ್ದುತ್ತಾರೆ. ರಂಧ್ರಗಳೇ ಬಣ್ಣ ಹೀರುತ್ತವೆ.

ಅವಸರ ನುಸುಳುವುದು ಕೊನೆಯ ಹಂತದಲ್ಲಿ, ರಂಧ್ರ ಮುಚ್ಚುವಾಗ. ಕುದಿಯುವ ನೀರಿನಲ್ಲಿಟ್ಟರೆ ಆಕ್ಸೈಡ್ ನೀರು ಹೀರಿ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಮೈಕ್ರಾನಿಗೆ ಎರಡು ಮೂರು ನಿಮಿಷದ ಲೆಕ್ಕ. ಬೋರ್‌ವೆಲ್‌ನ ಗಡಸು ನೀರು ಬೇಡ, ಬಿಳಿ ಪುಡಿ ಕೂರುತ್ತದೆ. ಭಟ್ಟಿ ಇಳಿಸಿದ ನೀರೇ ಆಗಬೇಕು. ಈ ಹಂತ ತಪ್ಪಿದರೆ ಬಣ್ಣ ಬೇಗ ಮಾಸುತ್ತದೆ. ಕೆಲಸ ಮುಗಿದ ವಸ್ತುವಿನ ಮೇಲೆ ಶಾಯಿಯ ಹನಿ ಬಿಟ್ಟು, ಐದು ನಿಮಿಷದ ಮೇಲೆ ಒರೆಸಿ ನೋಡಿ. ಕಲೆ ಉಳಿದರೆ ರಂಧ್ರ ಇನ್ನೂ ತೆರೆದಿದೆ.

ಮನೆಗೆ ಆನೋಡೈಸ್ ಮಾಡಿದ ಕಿಟಕಿ ಹಾಕಿಸುವವರಿಗೊಂದು ಮಾತು. ಹಸಿ ಸಿಮೆಂಟು, ಸುಣ್ಣ ಎರಡೂ ಈ ಪೊರೆಯನ್ನು ತಿನ್ನುತ್ತವೆ. ಪ್ಲಾಸ್ಟರ್ ಮುಗಿಯುವವರೆಗೆ ಚೌಕಟ್ಟಿನ ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳಬೇಡಿ. ಚೌಕಟ್ಟಿಗೆ ಸಿಮೆಂಟು ಸಿಡಿದರೆ ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ.