ಎಸ್ಟೇಟಿನ ಹಳೆ ಪ್ಯಾಸ್ಕಲ್ ಪ್ರೋಗ್ರಾಂ ರಾಸ್ಪ್‌ಬೆರಿ ಪೈ ಮೇಲೆ: ನನ್ನ ಅನುಭವ

ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಹಣ್ಣಿನ ತೂಕ, ಆಳುಗಳ ಬಟವಾಡೆ ಎರಡನ್ನೂ ನೋಡಿಕೊಳ್ಳುವ ಟರ್ಬೋ ಪ್ಯಾಸ್ಕಲ್ 7 (ಡಾಸ್ ಕಾಲದ ಪ್ರೋಗ್ರಾಮಿಂಗ್ ಸಾಧನ) ಪ್ರೋಗ್ರಾಂ ಈಗ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಓಡುತ್ತಿದೆ. ಒಂದು ಕುಯ್ಲು ಪೂರ್ತಿ ಮುಗಿಸಿದೆ. "ಇದು ಆಗೋ ಕೆಲಸ ಅಲ್ಲ, ಹೊಸದಾಗಿ ಬರೆಸಿ" ಎಂದವರೇ ಜಾಸ್ತಿ. ಹಾಗೆ ಬರೆಯಲು ಒಬ್ಬರು ಕೇಳಿದ್ದು ಹತ್ತಿರ ಹತ್ತಿರ ಒಂದೂವರೆ ಲಕ್ಷ. ನನಗೆ ಪೈ, ಯುಎಸ್‌ಬಿ ಸೀರಿಯಲ್ ಕೇಬಲ್, ಸಣ್ಣ ಯುಪಿಎಸ್ ಸೇರಿ ಹನ್ನೆರಡು ಸಾವಿರದೊಳಗೆ ಮುಗಿಯಿತು. ನನ್ನ ಕೂಲಿ ಬೇರೆ.

ಪ್ರೋಗ್ರಾಂ ಒಳಗೆ ಅಸೆಂಬ್ಲರ್ ಬ್ಲಾಕುಗಳು, ಅಂದರೆ ಹಳೆ ಪಿಸಿಯ ಪ್ರೊಸೆಸರ್‌ಗಷ್ಟೇ ಅರ್ಥವಾಗುವ ತುಣುಕುಗಳು, ನಲವತ್ತರ ಆಸುಪಾಸು ಇದ್ದವು. ಒಂದೊಂದನ್ನೂ ಸಾಲು ಸಾಲಾಗಿ ಪೈನ ಪ್ರೊಸೆಸರ್ ಆದ ಆರ್ಮ್‌ಗೆ ತಿರುಗಿಸಲು ಹೋಗಿ ಮೂರು ವಾರ ಹಾಳು ಮಾಡಿಕೊಂಡೆ. ಆಮೇಲೆ ದಾರಿ ಬದಲಿಸಿದೆ. ಮೊದಲು ಹಳೆ ಪಿಸಿಯಲ್ಲೇ ಪ್ರತಿ ಬ್ಲಾಕಿನ ಪಕ್ಕ ಬರೀ ಪ್ಯಾಸ್ಕಲ್ ರೂಪ ಬರೆದೆ. ಡಾಸ್‌ಬಾಕ್ಸ್‌ನಲ್ಲಿ (ಡಾಸ್ ಪ್ರೋಗ್ರಾಂ ಓಡಿಸುವ ತಂತ್ರಾಂಶ) ಎರಡಕ್ಕೂ ಒಂದೇ ಇನ್‌ಪುಟ್ ಕೊಟ್ಟು ಉತ್ತರ ಹೋಲಿಸಿದೆ. ಪೂರ್ತಿ ಹೊಂದಿದ ಮೇಲಷ್ಟೇ ಪೈ ಮೇಲೂ ಓಡುವ ಫ್ರೀ ಪ್ಯಾಸ್ಕಲ್ ಕಂಪೈಲರ್‌ಗೆ ತಂದೆ. ಪರದೆಯ ಮೆಮೊರಿ ಇರುವ ವಿಳಾಸ ಬಿ800ಗೆ ನೇರ ಬರೆಯುತ್ತಿದ್ದ ಬ್ಲಾಕುಗಳೇ ಅರ್ಧ. ಅವಕ್ಕೆ ಪರದೆ ನೋಡಿಕೊಳ್ಳುವ ಸಿಆರ್‌ಟಿ ಯೂನಿಟ್ (ಸಿದ್ಧ ಕೋಡಿನ ಕಟ್ಟು) ಸಾಕಾಯಿತು. ತಕ್ಕಡಿಯ ಕೇಬಲ್ ಸೇರುವ 3ಎಫ್8 ಸೀರಿಯಲ್ ಪೋರ್ಟಿನ ಜಾಗಕ್ಕೆ ಸೀರಿಯಲ್ ಯೂನಿಟ್ ಬಂತು.

ನಿಜವಾಗಿ ಕಾಡಿದ್ದು ತಕ್ಕಡಿಯ ಚೆಕ್‌ಸಮ್, ಅಂದರೆ ತೂಕ ಸರಿಯಾಗಿ ಬಂತೇ ಎಂದು ನೋಡುವ ಮೊತ್ತ. ಮೂಲದಲ್ಲಿ ಪ್ರತಿ ಬೈಟ್ ಕೂಡಿದ ಮೇಲೂ ಎಡಿಸಿ ಎಂಬ ಅಸೆಂಬ್ಲರ್ ಸೂಚನೆಯಿಂದ ಕ್ಯಾರಿ (ಬೈಟಿನ ಮಿತಿ 255 ದಾಟಿದಾಗ ಉಕ್ಕುವ ಒಂದು) ಮತ್ತೆ ಸೇರುತ್ತಿತ್ತು. ಪ್ಯಾಸ್ಕಲ್‌ಗೆ ಕ್ಯಾರಿ ಫ್ಲ್ಯಾಗ್ ಕಾಣುವುದಿಲ್ಲ ಅಲ್ವಾ? ನಾನು ಎಲ್ಲವನ್ನೂ ವರ್ಡ್‌ನಲ್ಲಿ (ಎರಡು ಬೈಟಿನ ಸಂಖ್ಯೆ) ಕೂಡಿ, ಕೊನೆಗೆ ಮೇಲಿನ ಬೈಟನ್ನು ಕೆಳಗಿನದಕ್ಕೆ ಒಂದು ಸಲ ಸೇರಿಸಿದೆ. ನೂರಕ್ಕೊಂದು ತೂಕ ತಿರಸ್ಕಾರ ಆಗತೊಡಗಿತು. ಎರಡು ದಿನ ಕೇಬಲ್ ಮೇಲೆ ಅನುಮಾನ ಪಟ್ಟು, ಹೊಸ ಕೇಬಲ್‌ಗೆ ಸುಮ್ನೆ ಆರುನೂರು ರೂಪಾಯಿ ಹಾಕಿದೆ. ಕೆಳಗಿನ ಬೈಟ್ 255 ಇದ್ದು ಮೇಲಿನದು 2 ಆದರೆ ಮೊತ್ತ 257. ಮತ್ತೆ ಉಕ್ಕುತ್ತದೆ. ಎರಡನೇ ಸಲವೂ ಹಾಗೇ ಮೇಲಿನದನ್ನು ಕೆಳಗಿನದಕ್ಕೆ ಸೇರಿಸಿದೆ, ಸರಿಹೋಯಿತು.

ಮುಂದಿನ ಪೆಟ್ಟು ರಿಯಲ್, ಅಂದರೆ ದಶಮಾಂಶ ಸಂಖ್ಯೆ ಇಡುವ ಬಗೆ. ಟರ್ಬೋದಲ್ಲಿ ಅದು ಆರು ಬೈಟ್, ಪೈನಲ್ಲಿ ಎಂಟು. ಹಳೆ ಬಟವಾಡೆ ಫೈಲೆಲ್ಲ ಕಸವಾಗಿ ಕಂಡಿತು. ಪ್ಯಾಕ್ಡ್ ರೆಕಾರ್ಡ್‌ನಲ್ಲಿ (ನಡುವೆ ಖಾಲಿ ಬಿಡದ ದಾಖಲೆ) ಆರು ಬೈಟಿನ ಅರೇ ಇಟ್ಟು, ಘಾತದಿಂದ 129 ಕಳೆದು ‘ಡಬಲ್’ ಎಂಬ ಎಂಟು ಬೈಟಿನ ಬಗೆಗೆ ತಿರುಗಿಸಿಕೊಂಡೆ. ಕರೆಂಟ್ ಹೋಗಿ ಅರ್ಧಕ್ಕೇ ನಿಂತಿದ್ದ ರೆಕಾರ್ಡುಗಳನ್ನು ಹೇಗೆ ಹಿಡಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ನಡುವೆ ಆಸೆಯಾಗಿ ಚೆಕ್‌ಸಮ್ಮನ್ನು ಆರ್ಮ್ ಅಸೆಂಬ್ಲಿಯಲ್ಲೂ ಬರೆದು, ಇಫ್‌ಡೆಫ್ (ಬೇಕಾದ ಕೋಡನ್ನಷ್ಟೇ ಆರಿಸುವ ಷರತ್ತು) ಹಾಕಿ ಓಡಿಸಿದೆ. 9600 ಬಾಡ್‌ನಲ್ಲಿ, ಅಂದರೆ ನಿಧಾನಕ್ಕೆ, ಬರುವ ತೂಕಕ್ಕೆ ಆ ವೇಗ ಏನೂ ಉಪಯೋಗವಿಲ್ಲ. ತೆಗೆದುಹಾಕಿದೆ.

ಕೊನೆಯ ದಿನ ಎಸ್ಟೇಟಿನ ರೈಟರು ಹಳೆ ಬಟವಾಡೆ ಪುಸ್ತಕ ತಂದು, 1998ರ ಒಂದು ವಾರದ ಲೆಕ್ಕ ತೆಗೆಸಿದರು. ಪುಟದ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಪೈಸೆ ಸಮೇತ ಹೊಂದಿತು.