ನೋಡಿದ ದಾರಿ ತೋರಿಸುವ ಬ್ರೆಡ್‌ಕ್ರಂಬ್: ವೆಬ್ ಆ್ಯಪ್‌ನಲ್ಲಿ ಕಟ್ಟುವುದು ಹೇಗೆ

ಒಂದು ಬಿಲ್ಲಿಂಗ್ ಆ್ಯಪ್ ತೆಗೆದುಕೊಳ್ಳಿ. ಗ್ರಾಹಕರ ಫೋನ್ ಬಂತು. ಆಪರೇಟರ್ ಹೆಸರು ಹುಡುಕಿ ಅವರ ಪುಟ ತೆರೆದರು, ಅಲ್ಲಿಂದ ಹಳೇ ಬಿಲ್‌ಗೆ ಹೋದರು, ಬಿಲ್‌ನಲ್ಲಿದ್ದ ಸರಕಿನ ಮೇಲೆ ಒತ್ತಿ ಸ್ಟಾಕ್ ನೋಡಿದರು, ಅದನ್ನು ಕಳಿಸಿದವರು ಯಾರು ಅಂತ ಸಪ್ಲೈಯರ್ ಪುಟಕ್ಕೂ ಹೋದರು. ಈಗ ಮತ್ತೆ ಆ ಬಿಲ್ ಬೇಕು. ಪುಟದ ಮೇಲಿನ ಬ್ರೆಡ್‌ಕ್ರಂಬ್, ಅಂದರೆ ಲಿಂಕ್‌ಗಳ ಸಣ್ಣ ಸಾಲು, ಮಾತ್ರ 'ಮುಖಪುಟ › ಖರೀದಿ › ಸಪ್ಲೈಯರ್‌ಗಳು' ಅಂತ ತೋರಿಸುತ್ತಿದೆ. ಅದು ತಪ್ಪಲ್ಲ. ಆದರೆ ಬಿಲ್ ಅದರಲ್ಲಿ ಎಲ್ಲೂ ಇಲ್ಲ.

ಪುಟ ಆ್ಯಪ್‌ನ ಯಾವ ವಿಭಾಗದಲ್ಲಿದೆ ಅಂತ ಹೇಳುವ ಬ್ರೆಡ್‌ಕ್ರಂಬ್ ಬೇರೆ, ಬಳಕೆದಾರರು ನಡೆದು ಬಂದ ದಾರಿ ತೋರಿಸುವ ಬ್ರೆಡ್‌ಕ್ರಂಬ್ ಬೇರೆ. ಬ್ರೆಡ್‌ಕ್ರಂಬ್ ವಿಭಾಗವನ್ನೇ ತೋರಿಸಬೇಕು, ದಾರಿಯನ್ನಲ್ಲ, ಅದಕ್ಕೆ ಬ್ಯಾಕ್ ಬಟನ್ ಇದೆ ಅಂತ ಯೂಸಬಿಲಿಟಿ ತಜ್ಞ ಜೇಕಬ್ ನೀಲ್ಸನ್ 2007ರಲ್ಲೇ ಬರೆದಿದ್ದರು. ಸುದ್ದಿ ಜಾಲತಾಣಕ್ಕೆ, ಅಂಗಡಿಗೆ ಈ ಮಾತು ಸರಿ. ಒಂದು ದಾಖಲೆಯಿಂದ ಇನ್ನೊಂದಕ್ಕೆ ಹಾರುತ್ತಲೇ ಕೆಲಸ ಮಾಡುವ ಆ್ಯಪ್‌ಗಳಿಗೆ ಅದು ಸಾಲದು ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಎರಡೂ ಬೇಕು. ಆದರೆ ಒಂದೇ ಸಾಲಿನಲ್ಲಿ ಬೆರೆಸಬೇಡಿ. ವಿಭಾಗದ ಸಾಲು ಶೀರ್ಷಿಕೆಯ ಮೇಲಿರಲಿ, ದಾರಿಯ ಸಾಲು 'ಈಗ ನೋಡಿದವು' ಅಂತ ಹೆಸರು ಹೊತ್ತು ಬೇರೆ ಕಡೆ ಇರಲಿ.

ಮೊದಲ ತೀರ್ಮಾನ, ಏನನ್ನು ಸೇರಿಸಬೇಕು ಅನ್ನುವುದು. ಯುಆರ್‌ಎಲ್ ಬದಲಾದಾಗೆಲ್ಲ ದಾರಿಯ ಸಾಲಿಗೆ ಒಂದು ತುಣುಕು (ಒಂದು ಲಿಂಕ್) ಸೇರಿಸಿದರೆ ಸಾಲು ಕಸದಿಂದ ತುಂಬುತ್ತದೆ. ಗ್ರಾಹಕ, ಬಿಲ್, ಸರಕು, ಸಪ್ಲೈಯರ್ ಹೀಗೆ ಹೆಸರಿರುವ ವಸ್ತುಗಳನ್ನು ಮಾತ್ರ ಸೇರಿಸಿ. ಪುಟದೊಳಗಿನ ಟ್ಯಾಬ್ ಬದಲಿಸಿದ್ದು, ಪಟ್ಟಿ ವಿಂಗಡಿಸಿದ್ದು, ಪಾಪ್‌ಅಪ್ ತೆರೆದದ್ದು ಯಾವುದೂ ಬೇಡ. ಅಂಥ ಟ್ಯಾಬ್, ವಿಂಗಡಣೆಗೆಲ್ಲ ರಿಪ್ಲೇಸ್‌ಸ್ಟೇಟ್ ಸಾಕು, ಅದು ಬ್ರೌಸರ್ ಹಿಸ್ಟರಿಯಲ್ಲಿ ಹೊಸ ನಮೂದು ಸೇರಿಸದೆ ಈಗಿನದನ್ನೇ ಬದಲಿಸುತ್ತದೆ. ಹುಡುಕಾಟದ ಫಲಿತಾಂಶ ಮಾತ್ರ ಖಂಡಿತ ಇರಲಿ, ಹುಡುಕಿದ ಪದದ ಸಮೇತ. ಜನ ವಾಪಸ್ ಹೋಗಬೇಕು ಅಂದುಕೊಳ್ಳುವುದು ಜಾಸ್ತಿ ಅಲ್ಲಿಗೇ.

ಇನ್ನು ಈ ದಾರಿಯ ಸಾಲನ್ನು ಎಲ್ಲಿ ಇಟ್ಟುಕೊಳ್ಳುವುದು? ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಿ, ಯಾಕಂದ್ರೆ ಮುಂದಿನ ಎಲ್ಲ ತೊಂದರೆಗಳೂ ಇಲ್ಲಿಂದಲೇ ಹುಟ್ಟುತ್ತವೆ. ಬ್ರೌಸರ್‌ನೊಳಗೆ ಮಾಹಿತಿ ಇಡುವ ಲೋಕಲ್‌ಸ್ಟೋರೇಜ್ ಬೇಡ. ಅದು ಬ್ರೌಸರ್‌ನ ಎಲ್ಲ ಟ್ಯಾಬ್‌ಗಳಿಗೂ ಒಂದೇ, ಎರಡು ಟ್ಯಾಬ್‌ನಲ್ಲಿ ಎರಡು ಗ್ರಾಹಕರ ಕೆಲಸ ನಡೆಯುತ್ತಿದ್ದರೆ ದಾರಿಗಳು ಕಲಸಿಹೋಗುತ್ತವೆ. ಸೆಷನ್‌ಸ್ಟೋರೇಜ್ ಪ್ರತಿ ಟ್ಯಾಬ್‌ಗೂ ಬೇರೆ, ಅಷ್ಟರ ಮಟ್ಟಿಗೆ ವಾಸಿ. ಆದರೆ ಬಳಕೆದಾರರು ಬ್ಯಾಕ್ ಒತ್ತಿದಾಗ ಅದು ತಾನಾಗಿ ಹಿಂದೆ ಸರಿಯುವುದಿಲ್ಲ, ನೀವೇ ಸರಿಹೊಂದಿಸಬೇಕು.

ನನಗೆ ಹಿಡಿಸಿದ್ದು ಹಿಸ್ಟರಿ ಎಪಿಐ ದಾರಿ, ಅಂದರೆ ಬ್ರೌಸರ್‌ನ ಹಿಸ್ಟರಿಯನ್ನು ಕೋಡ್‌ನಿಂದ ಬಳಸುವ ಸೌಲಭ್ಯ. ಹಿಸ್ಟರಿಗೆ ಹೊಸ ನಮೂದು ಸೇರಿಸುವ ಪುಶ್‌ಸ್ಟೇಟ್ ಕರೆಯುವಾಗ ಅಲ್ಲಿಯವರೆಗಿನ ಪೂರ್ತಿ ಸಾಲನ್ನೇ ಸ್ಟೇಟ್ (ಆ ನಮೂದಿನ ಜೊತೆ ಉಳಿಯುವ ಮಾಹಿತಿ) ಒಳಗೆ ಇಟ್ಟುಬಿಡಿ. ಬ್ಯಾಕ್ ಒತ್ತಿದಾಗ ಪಾಪ್‌ಸ್ಟೇಟ್ ಈವೆಂಟ್ ಆ ಪುಟದ ಸಾಲನ್ನು ಇದ್ದಂತೆಯೇ ಕೈಗೆ ಕೊಡುತ್ತದೆ. ಫಾರ್ವರ್ಡ್ ಒತ್ತಿದರೂ ಅಷ್ಟೇ. ರೀಲೋಡ್ ಮಾಡಿದರೂ ಹಿಸ್ಟರಿ.ಸ್ಟೇಟ್ ಉಳಿದಿರುತ್ತದೆ, ಪುಟ ಶುರುವಾದಾಗ ಅದನ್ನು ಓದಿಕೊಂಡರಾಯಿತು. ಪ್ರತಿ ತುಣುಕಿಗೂ ವಸ್ತುವಿನ ಬಗೆ, ಐಡಿ, ಮತ್ತು ಒಂದು ಕ್ರಮ ಸಂಖ್ಯೆ ಸಾಕು. ಹೆಸರನ್ನು ಅದರಲ್ಲಿ ಇಡಬೇಡಿ, ತೋರಿಸುವಾಗ ಕ್ಯಾಶ್‌ನಿಂದ (ಆ್ಯಪ್ ತಾತ್ಕಾಲಿಕವಾಗಿ ಇಟ್ಟುಕೊಂಡ ಮಾಹಿತಿಯಿಂದ) ತಂದುಕೊಳ್ಳಿ. ಆಗ ಯಾರಾದರೂ ಗ್ರಾಹಕರ ಹೆಸರು ತಿದ್ದಿದರೆ ಹಳೇ ಹೆಸರು ಸಾಲಿನಲ್ಲಿ ಉಳಿಯುವುದಿಲ್ಲ.

ಕ್ರಮ ಸಂಖ್ಯೆ ಯಾಕೆ ಅಂದರೆ, ತುಣುಕಿನ ಮೇಲೆ ಒತ್ತಿದಾಗ ಹೊಸ ಪುಟ ಪುಶ್ ಮಾಡುವ ಬದಲು ಆ ಸಂಖ್ಯೆಯಿಂದ ಈಗಿನ ಸಂಖ್ಯೆ ಕಳೆದು, ಹಿಸ್ಟರಿಯಲ್ಲಿ ಅಷ್ಟು ಹೆಜ್ಜೆ ಸರಿಯುವ ಹಿಸ್ಟರಿ.ಗೋ ಕರೆಯಬಹುದು. ಹಾಗೆ ಮಾಡಿದರೆ ನಿಮ್ಮ ಸಾಲು ಮತ್ತು ಬ್ಯಾಕ್ ಬಟನ್ ಒಂದೇ ಮಾತು ಆಡುತ್ತವೆ. ಇಲ್ಲದಿದ್ದರೆ ಬಿಲ್‌ಗೆ ವಾಪಸ್ ಬಂದವರು ಬ್ಯಾಕ್ ಒತ್ತಿದ ಕೂಡಲೇ ಮತ್ತೆ ಸಪ್ಲೈಯರ್ ಪುಟಕ್ಕೆ ಹೋಗಿ ನಿಲ್ಲುತ್ತಾರೆ, ತಲೆ ಕೆಡುತ್ತದೆ ಅಲ್ವಾ? ಒಂದು ಎಚ್ಚರಿಕೆ: ಕ್ರೋಮ್ ಮತ್ತು ಫೈರ್‌ಫಾಕ್ಸ್ ಒಂದು ಟ್ಯಾಬ್‌ಗೆ 50 ನಮೂದುಗಳನ್ನಷ್ಟೇ ಇಟ್ಟುಕೊಳ್ಳುತ್ತವೆ. ಅದಕ್ಕಿಂತ ಹಿಂದಕ್ಕೆ ಗೋ ಅಂದರೆ ಏನೂ ಆಗುವುದಿಲ್ಲ, ದೋಷ ಸಂದೇಶವೂ ಬರುವುದಿಲ್ಲ. ಹಾಗಾಗಿ ಪ್ರತಿ ತುಣುಕೂ ನಿಜವಾದ ಲಿಂಕ್ ಆಗಿರಲಿ. ಗೋ ಕೆಲಸ ಮಾಡದಿದ್ದರೆ ಆ ವಿಳಾಸವನ್ನೇ ತೆರೆಯಿರಿ. ಕಂಟ್ರೋಲ್ ಹಿಡಿದು ಒತ್ತಿದವರಿಗೆ ಹೊಸ ಟ್ಯಾಬ್ ಸಿಗಲಿ, ಅದನ್ನು ತಡೆಯಬೇಡಿ. ಹೊಸ ಟ್ಯಾಬ್‌ಗೆ ಸ್ಟೇಟ್ ಬರುವುದಿಲ್ಲ, ಅಲ್ಲಿ ದಾರಿ ಹೊಸದಾಗಿ ಶುರುವಾಗುತ್ತದೆ. ಅದು ಸರಿಯೇ.

ಸುತ್ತು ಹಾಕುವವರನ್ನೂ ನೋಡಿಕೊಳ್ಳಬೇಕು. ಗ್ರಾಹಕ, ಬಿಲ್, ಮತ್ತೆ ಅದೇ ಗ್ರಾಹಕ. ಲಿಂಕ್ ಹಿಡಿದು ಅದೇ ವಸ್ತುವಿಗೆ ಮತ್ತೆ ಬಂದರೆ ಹಳೇ ತುಣುಕು ತೆಗೆದು ಕೊನೆಯಲ್ಲಿ ಹೊಸದಾಗಿ ಸೇರಿಸಿ. ಕಣ್ಣಿಗೆ ಕಾಣುವುದು 5 ತುಣುಕು ಇದ್ದರೆ ಸಾಕು, ಹಳೆಯವು ಒಂದು ಮೆನುವಿನೊಳಗೆ ಹೋಗಲಿ. ಮೊಬೈಲ್‌ನಲ್ಲಿ ಹಿಂದಿನದು ಒಂದೇ ತೋರಿಸಿ, ಬಾಣದ ಗುರುತು ಮತ್ತು ಹೆಸರು.

ಕನ್ನಡ ಹೆಸರುಗಳಿದ್ದರೆ ಇನ್ನೊಂದು ಮಾತು. ಉದ್ದ ಹೆಸರನ್ನು ಕೋಡ್‌ನಲ್ಲಿ ಸ್ಲೈಸ್ ಹಾಕಿ, ಅಂದರೆ ಇಷ್ಟೇ ಅಕ್ಷರ ಅಂತ ಎಣಿಸಿ, ಕತ್ತರಿಸಬೇಡಿ. 'ಮಂಜುನಾಥೇಶ್ವರ' ನಡುವೆ ತುಂಡಾದರೆ ಕೊನೆಯಲ್ಲಿ ಸುಮ್ನೆ ಒಂದು 'ಶ್' ನೇತಾಡುತ್ತದೆ, ಕೆಲವೊಮ್ಮೆ ಸ್ವರ ಚಿಹ್ನೆಯೇ ಹಾರಿಹೋಗಿ ಅಕ್ಷರ ಬೇರೆಯಾಗುತ್ತದೆ. ಪುಟದ ನೋಟ ಹೇಳುವ ಸಿಎಸ್‌ಎಸ್‌ನ ಟೆಕ್ಸ್ಟ್-ಓವರ್‌ಫ್ಲೋಗೆ ಆ ಕೆಲಸ ಬಿಡಿ. ಓವರ್‌ಫ್ಲೋ ಮರೆಮಾಡಿದಾಗ ಸಾಲಿನ ಎತ್ತರ ಕಡಿಮೆ ಇದ್ದರೆ ಕೆಳಗಿನ ಒತ್ತಕ್ಷರಗಳ ಬುಡ ಕತ್ತರಿಸಿ ಹೋಗುತ್ತದೆ. ನಾನು 1.6 ಇಡುತ್ತೇನೆ.

ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗಾಗಿ ಎರಡೂ ಸಾಲುಗಳು ನ್ಯಾವ್ (nav) ಟ್ಯಾಗ್ ಒಳಗೆ ಇರಲಿ, ಬೇರೆ ಬೇರೆ ಏರಿಯಾ-ಲೇಬಲ್ (aria-label) ಕೊಡಿ, ಈಗಿನ ಪುಟಕ್ಕೆ ಏರಿಯಾ-ಕರೆಂಟ್ (aria-current) ಹಾಕಿ. ಒತ್ತುವ ಜಾಗ ಕಡಿಮೆ ಅಂದರೂ 24 ಪಿಕ್ಸೆಲ್ ಇರಬೇಕು, ಎಲ್ಲರಿಗೂ ಬಳಸಲು ಬರುವ ವೆಬ್ ಪುಟಗಳ ಮಾರ್ಗಸೂಚಿಯಾದ ಡಬ್ಲ್ಯೂಸಿಎಜಿ 2.2 ಕೇಳುವುದು ಅಷ್ಟು. ಹುಡುಕಾಟಕ್ಕಾಗಿ ಗೂಗಲ್‌ಗೆ ಕೊಡುವ ಬ್ರೆಡ್‌ಕ್ರಂಬ್‌ಲಿಸ್ಟ್ ಮಾಹಿತಿಯಲ್ಲಿ ವಿಭಾಗದ ಸಾಲು ಮಾತ್ರ ಹೋಗಲಿ.

ಕೊನೆಗೆ ಎರಡು ಸಂದರ್ಭ ಬಿಡದೆ ಪರೀಕ್ಷಿಸಿ. ಅರ್ಧ ತುಂಬಿದ ಫಾರ್ಮ್ ಇರುವಾಗ ತುಣುಕು ಒತ್ತಿದರೆ? ಪಾಪ್‌ಸ್ಟೇಟ್ ಬಂದಾಗ ಪುಟ ಆಗಲೇ ಬದಲಾಗಿರುತ್ತದೆ, ಅದನ್ನು ತಡೆಯಲು ಆಗುವುದಿಲ್ಲ, ಹಾಗಾಗಿ ಡ್ರಾಫ್ಟ್ ತಾನಾಗಿ ಉಳಿಯುವಂತೆ ಮಾಡಿ. ಒಬ್ಬರು ಲಾಗ್‌ಔಟ್ ಆಗಿ ಅದೇ ಟ್ಯಾಬ್‌ನಲ್ಲಿ ಇನ್ನೊಬ್ಬರು ಲಾಗಿನ್ ಆದರೆ? ಸ್ಟೇಟ್‌ನಲ್ಲಿ ಹೆಸರಿಲ್ಲದಿದ್ದರೂ ಹಳೇ ಐಡಿಗಳು ಹಿಸ್ಟರಿಯಲ್ಲೇ ಇರುತ್ತವೆ. ಸಾಲಿನ ಜೊತೆ ಸೆಷನ್ ಗುರುತು ಇಟ್ಟು, ಅದು ಹೊಂದದಿದ್ದರೆ ಸಾಲನ್ನು ಖಾಲಿ ತೋರಿಸಿ. ಲಾಗ್‌ಔಟ್‌ನಲ್ಲೇ ಹೆಸರುಗಳ ಕ್ಯಾಶ್ ಅಳಿಸಿ. ಆ ಬಿಲ್ ನೋಡುವ ಅನುಮತಿ ಇದೆಯೋ ಇಲ್ಲವೋ ಅಂತ ಸರ್ವರ್ ಪ್ರತಿ ಸಲವೂ ಕೇಳಲೇಬೇಕು.